ತಂಪಿಗಿಟ್ಟ ನೊಣಗಳು

ನನ್ನ ತಂಗಿ ಶೈಲಶ್ರೀ ನೆಟ್ಟಗೆ ಕುಳಿತು ಊಟ ಮಾಡಿದ್ದನ್ನು ನಾನು ಕಂಡಿಲ್ಲ. ತಟ್ಟೆ ಕೈಯಲ್ಲಿ ಹಿಡಿದು ಪಡಸಾಲೆಯಿಂದ ಹಿತ್ತಲಿಗೆ, ಹಿತ್ತಲಿನಿಂದ ಪಡಸಾಲೆಗೆ ಅಡ್ಡಾಡುತ್ತ ತಿನ್ನುವವಳು. ಅವ್ವ ಬೈದರೆ ಒಂದು ತುತ್ತಿನ ಮಟ್ಟಿಗೆ ಕುಳಿತಂತೆ ಮಾಡಿ ಮತ್ತೆ ಎದ್ದುಬಿಡುವಳು. ಹಾಕಿದ ಬೀಗವನ್ನು ಜಗ್ಗಿ ನೋಡುವುದು, ಕಟ್ಟಿದ ಗಂಟನ್ನು ಬಿಚ್ಚಿ ಮತ್ತೆ ಕಟ್ಟುವುದು, ಬೆಳಿಗ್ಗೆ ಹೇಳಿದ ಮಾತನ್ನು ಮಧ್ಯಾಹ್ನ ಫೋನ್ ಮಾಡಿ ಹೇಳುವುದು ಅವಳ ಜಾಯಮಾನ. ಇಂಥವಳು ಸಂಶೋಧನೆ ಅಂತ ಹಚ್ಚಿಕೊಂಡದ್ದು ನೊಣಗಳನ್ನು. ಅವೂ ಒಂದು ಕಡೆ ಕೂರುವ ಜಾತಿಯಲ್ಲ. ಜೋಡಿ ಸರಿಯಾಗಿಯೇ ಕೂಡಿತ್ತು.

ನಾನು ವಿಜಯಮಹಾಂತೇಶ, ಅವಳ ಅಣ್ಣ. ಬ್ಯಾಡಗಿಯಲ್ಲಿ ನಮ್ಮದು ಮೆಣಸಿನಕಾಯಿ ದಲಾಲಿ ಅಂಗಡಿ. ಅಪ್ಪ ತೀರಿಕೊಂಡ ಮೇಲೆ ಅಂಗಡಿಯ ಗಾದಿ ನನ್ನ ಪಾಲಿಗೆ ಬಂತು, ಓದು ಅವಳ ಪಾಲಿಗೆ ಹೋಯಿತು. ರಾಣೆಬೆನ್ನೂರಿನ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದಳು. ಅಲ್ಲೇ ಬಾಡಿಗೆ ಕೋಣೆ, ಶನಿವಾರ ಊರಿಗೆ. ಪಾಠ ಮುಗಿದ ಮೇಲೆ ಕಾಲೇಜಿನ ಲ್ಯಾಬಿನ ಒಂದು ಮೂಲೆಯಲ್ಲಿ, ಧಾರವಾಡದ ಒಬ್ಬ ಪ್ರೊಫೆಸರರ ಮಾರ್ಗದರ್ಶನದಲ್ಲಿ, ಪಿಎಚ್.ಡಿ. ಕೆಲಸ. ಏನು ವಿಷಯ ಎಂದು ನೆಂಟರು ಕೇಳಿದರೆ ನಮ್ಮವ್ವ ಗದಿಗೆವ್ವ ‘ಅದೇನೋ ಆರೋಗ್ಯದ್ದು’ ಎಂದು ತೇಲಿಸಿಬಿಡುತ್ತಿದ್ದಳು. ನೊಣದ ಅಂಡಾಶಯ ಎಂದು ಮದುವೆಯ ಚಪ್ಪರದಲ್ಲಿ ನಿಂತು ಹೇಗೆ ಹೇಳುವುದು? ಅದೂ ಇನ್ನೂ ಮದುವೆಯಾಗದ ಮಗಳ ವಿಷಯದಲ್ಲಿ.

ಮನೆಯ ನೊಣವಲ್ಲ ಇದು. ಬಾಳೆಹಣ್ಣು ಕಳಿತರೆ ಎಲ್ಲಿಂದಲೋ ಬಂದು ಮೇಲೆ ತೇಲಾಡುತ್ತವಲ್ಲ, ಎಳ್ಳುಕಾಳಿನಷ್ಟು ಸಣ್ಣವು, ಕೆಂಪು ಕಣ್ಣಿನವು, ಆ ಹಣ್ಣುನೊಣ. ಅವಕ್ಕೆ ಶೈಲಾ ಮಾಡುತ್ತಿದ್ದ ಅಡುಗೆ ಎಂದರೆ ಗೋಧಿ ರವೆ, ಬೆಲ್ಲ, ಒಂದಿಷ್ಟು ಯೀಸ್ಟ್, ಗಟ್ಟಿಯಾಗಲು ಅಗರ್. ಅವ್ವ ಅದನ್ನು ನೋಡಿದವಳೇ ‘ಇದು ಸಜ್ಜಕ ಅಲ್ಲೇನ?’ ಎಂದಳು. ಅಂದಿನಿಂದ ಶನಿವಾರದ ಸಜ್ಜಕ ಅವ್ವನ ಪಾಲಿನ ಕೆಲಸವಾಯಿತು. ಒಮ್ಮೆ ಕೈತಡೆಯದೆ ಯಾಲಕ್ಕಿ ಪುಡಿ ಉದುರಿಸಿಬಿಟ್ಟಳು. ಶೈಲಾ ಇಡೀ ಬೋಗುಣಿಯನ್ನು ಚೆಲ್ಲಿ ಮನೆಯನ್ನೇ ತಲೆಯ ಮೇಲೆ ಹೊತ್ತಳು. ನೊಣವಾದರೇನು, ತಿನ್ನುವ ಜೀವಕ್ಕೆ ಸಪ್ಪೆ ಯಾಕೆ ಹಾಕಬೇಕು ಎಂಬುದು ಅವ್ವನ ವಾದ. ನಾನು ಅವ್ವನ ಪರವಾಗಿದ್ದೆ.

ಅವಳು ನಿಜವಾಗಿ ಏನು ಮಾಡುತ್ತಾಳೆ ಎಂದು ನನಗೆ ತಿಳಿದದ್ದು ಒಂದು ಬುಧವಾರ. ವ್ಯಾಪಾರದ ಕೆಲಸಕ್ಕೆ ರಾಣೆಬೆನ್ನೂರಿಗೆ ಹೋದವನು ಅವ್ವ ಕಟ್ಟಿಕೊಟ್ಟ ರೊಟ್ಟಿಯ ಗಂಟನ್ನು ಕೊಟ್ಟು ಬರೋಣ ಎಂದು ಲ್ಯಾಬಿಗೆ ಹೋದೆ. ಗಂಟನ್ನು ಬಿಚ್ಚಿಯೂ ನೋಡದೆ ನನ್ನ ರಟ್ಟೆ ಹಿಡಿದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದಳು. ಒಂದು ಕಣ್ಣು ಮುಚ್ಚಿ ಇಣುಕಿದೆ. ದಾರಕ್ಕೆ ಪೋಣಿಸಿದ ಮಣಿಗಳ ಹಾಗೆ ಏನೋ ಕಂಡಿತು. ಒಂದು ತುದಿಯಲ್ಲಿ ಸಾಸಿವೆಯಂಥದ್ದು, ಇನ್ನೊಂದು ತುದಿಯಲ್ಲಿ ಅಕ್ಕಿಕಾಳಿನಂಥದ್ದು, ನಡುವೆ ಎಲ್ಲ ಅಳತೆಯವೂ ಇದ್ದವು. ಅದು ನೊಣದ ಅಂಡಾಶಯದ ಒಂದು ಎಳೆ. ಒಂದೊಂದು ಮಣಿಯೂ ಮುಂದೆ ಒಂದೊಂದು ಮೊಟ್ಟೆಯಾಗುವಂಥದ್ದು.

ಅವಳು ಹೇಳಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಪ್ರತಿ ಮಣಿಯೊಳಗೆ ಒಂದು ಮೊಟ್ಟೆಕೋಶ, ಅದಕ್ಕೆ ಉಣಿಸುವ ದಾದಿಕೋಶಗಳು, ಸುತ್ತಲೂ ಸಣ್ಣ ಕೋಶಗಳ ಒಂದು ಪದರು. ಆ ಪದರಿನ ಕೋಶಗಳೆಲ್ಲ ಮೊದಮೊದಲು ಒಂದೇ ತರಹ, ಯಾರು ಏನಾಗಬೇಕು ಎಂದು ಗೊತ್ತಿಲ್ಲದವು. ಮುಂದಿನ ತುದಿಯಲ್ಲಿರುವ ಎರಡು ಕೋಶಗಳು ಒಂದು ಪ್ರೊಟೀನನ್ನು ಹೊರಗೆ ಸೂಸುತ್ತವೆ. ಅದೇ ಅವುಗಳ ಮಾತು. ಅಕ್ಕಪಕ್ಕದ ಆರೆಂಟು ಕೋಶಗಳಿಗೆ ಅದು ಜೋರಾಗಿ ಕೇಳುತ್ತದೆ, ದೂರದವಕ್ಕೆ ಅಷ್ಟಾಗಿ ಕೇಳುವುದಿಲ್ಲ. ಜೋರಾಗಿ ಕೇಳಿಸಿಕೊಂಡವು ಪದರು ಬಿಟ್ಟು ಏಳುತ್ತವೆ. ಮಾತಾಡಿದ ಆ ಎರಡನ್ನು ನಡುವೆ ಇಟ್ಟುಕೊಂಡು, ದಾದಿಕೋಶಗಳ ಸಂದಿಯಲ್ಲಿ ನುಸುಳುತ್ತ ಮೊಟ್ಟೆಯ ತನಕ ಹೋಗುತ್ತವೆ. ಕೇಳದವು ಇದ್ದಲ್ಲೇ ಇದ್ದು ಬೇರೆ ಕೆಲಸಕ್ಕೆ ಹತ್ತುತ್ತವೆ. ಹೊರಟವುಗಳಿಗೆ ಅವಳು ಗಡಿಕೋಶ ಎನ್ನುತ್ತಿದ್ದಳು. ಮೊಟ್ಟೆಯ ಚಿಪ್ಪಿನಲ್ಲಿ ಗಂಡಿನ ಬೀಜ ಒಳಗೆ ಬರುವುದಕ್ಕೆ ಇರುವ ಒಂದೇ ಕಂಡಿ ಆಗುವುದು ಇವುಗಳಿಂದ.

‘ಅವು ಹೋಗಲಿಲ್ಲಂದ್ರ?’ ಎಂದೆ.

‘ಮೊಟ್ಟಿ ಗೊಡ್ಡು.’

‘ಎಲ್ಲಾ ಗೊತ್ತ ಐತಲ್ಲ. ಇನ್ನ ನೀ ಹುಡುಕೋದೇನು?’

‘ಏಳಾಕ ಮಾತು ಬೇಕನ್ನೋದು ಗೊತ್ತೈತಿ. ಎದ್ದ ಮ್ಯಾಲೆ ದಾರಿ ಉದ್ದಕ್ಕೂ ಅದು ಕೇಳತಿರಬೇಕೋ, ಒಮ್ಮೆ ಕೇಳಿದರ ಸಾಕೋ, ಅದು ನನಗ ಬೇಕಾಗೇತಿ.’

‘ಒಮ್ಮೆ ಹೇಳಿದರ ಸಾಕಾಗಬೇಕವ್ವ. ಎಷ್ಟ ಸಲ ಹೇಳೋದು?’

‘ನಿನ್ನ ಹಮಾಲರಿಗೆ ನೀ ಒಮ್ಮೆ ಹೇಳಿ ಸುಮ್ಮನಾಗ್ತೀ ಏನಣ್ಣಾ?’ ಎಂದಳು. ನಾನು ರೊಟ್ಟಿಯ ಗಂಟನ್ನು ಅವಳ ಕಡೆ ದೂಡಿ ಎದ್ದುಬಂದೆ.

ಈ ಹುಡುಕಾಟಕ್ಕೆ ಅವಳ ಹತ್ತಿರ ಒಂದು ವಿಶೇಷ ತಳಿಯ ನೊಣ ಇತ್ತು. ಆ ತಳಿಯಲ್ಲಿ ಮಾತು ಕೇಳಿಸಿಕೊಳ್ಳುವ ಕಿವಿಯೇ ದೋಷದ್ದು. ಹದಿನೆಂಟು ಡಿಗ್ರಿಯ ಆಸುಪಾಸಿನಲ್ಲಿ ಇಟ್ಟರೆ ಕಿವಿ ಚೆನ್ನಾಗಿ ಕೇಳುತ್ತದೆ, ಮೊಟ್ಟೆ ಫಲಿಸುತ್ತದೆ. ಬಿಸಿ ಹತ್ತಿತೋ, ಕೋಶಗಳು ಕಿವುಡಾಗುತ್ತವೆ. ಗಡಿಕೋಶಗಳು ದಾರಿಯ ನಡುವೆ ಇರುವಾಗ ಬಾಟಲಿಯನ್ನು ಬಿಸಿಗೆ ಸರಿಸಿ, ಆಮೇಲೆ ಎಲ್ಲಿಯವರೆಗೆ ಹೋಗಿವೆ ಎಂದು ನೋಡುವುದು ಅವಳ ಉಪಾಯ. ಮೊದಲ ಪ್ರಯತ್ನದಲ್ಲಿ ಎರಡು ಮಣಿಗಳಲ್ಲಿ ಗುಂಪು ಅರ್ಧ ದಾರಿಗೇ ನಿಂತಿದ್ದನ್ನು ಕಂಡಳು. ಅತ್ತ ಮೊಟ್ಟೆಯನ್ನೂ ಮುಟ್ಟಿರಲಿಲ್ಲ, ಇತ್ತ ಹಿಂದಕ್ಕೂ ಬಂದಿರಲಿಲ್ಲ. ಆದರೆ ಎರಡೇ ಎರಡು ನೋಡಿ ಯಾರೂ ಒಪ್ಪುವುದಿಲ್ಲ, ನೂರಾರು ಬೇಕು ಎಂದರು ಧಾರವಾಡದ ಸರ್. ವರ್ಷದ ಕೊನೆಗೆ ಅವರು ನಿವೃತ್ತರಾಗುವವರಿದ್ದರು. ಅವರ ಲ್ಯಾಬಿನಲ್ಲಿದ್ದ ಅದೇ ತಳಿ ಬೂಷ್ಟು ಹಿಡಿದು ಹಾಳಾಗಿತ್ತು. ಹೊರದೇಶದಿಂದ ಮತ್ತೆ ತರಿಸುವಷ್ಟರಲ್ಲಿ ಅವರು ಮನೆಯಲ್ಲಿರುತ್ತಿದ್ದರು. ಹಾಗಾಗಿ ಶೈಲಾಳ ಮೂರು ವರ್ಷದ ದುಡಿಮೆಯೆಲ್ಲ ನಿಂತದ್ದು ಅವಳ ಕೈಯಲ್ಲಿದ್ದ ಕೆಲವು ಬಾಟಲಿಗಳ ಮೇಲೆ.

ಎರಡು ಸಾವಿರದ ನಾಲ್ಕರ ಬೇಸಿಗೆ. ರಾಣೆಬೆನ್ನೂರಿನ ಏಪ್ರಿಲ್ ಹೇಗಿರುತ್ತದೆ ಎಂದು ಅಲ್ಲಿ ಬಸ್ಸಿಗೆ ಕಾದವರಿಗೆ ಗೊತ್ತು. ಕಾಲೇಜಿನ ತಂಪುಪೆಟ್ಟಿಗೆ ಕರೆಂಟಿನ ಮೇಲೆ ನಡೆಯುವಂಥದ್ದು, ಕರೆಂಟು ಮನಸ್ಸು ಬಂದಾಗ ಬರುವಂಥದ್ದು. ಪಾಠದ ನಡುವೆ ಫ್ಯಾನ್ ನಿಂತರೆ ಶೈಲಾ ಸೀಮೆಸುಣ್ಣ ಬಿಸಾಡಿ ಲ್ಯಾಬಿಗೆ ಓಡುತ್ತಿದ್ದಳಂತೆ. ಪೆಟ್ಟಿಗೆಗೆ ಒದ್ದೆ ಗೋಣಿ ಹೊದಿಸುವುದು, ಬೀಸಣಿಗೆಯಿಂದ ಗಾಳಿ ಹಾಕುವುದು ನಡೆದಿತ್ತು. ಕೊನೆಗೊಂದು ದಿನ ಬಾಟಲಿಗಳನ್ನು ಊಟದ ಡಬ್ಬಿಯ ಚೀಲದಲ್ಲಿಟ್ಟು, ಒದ್ದೆ ಟವೆಲ್ ಸುತ್ತಿ, ಪ್ಯಾಸೆಂಜರ್ ಗಾಡಿ ಹತ್ತಿ ಬ್ಯಾಡಗಿಗೆ ಬಂದುಬಿಟ್ಟಳು. ನನ್ನ ಅಂಗಡಿಗೆ ಬರಲಿಲ್ಲ, ನೇರ ಕೋಲ್ಡ್ ಸ್ಟೋರೇಜಿಗೆ ಹೋದಳು.

ನಾವೆಲ್ಲ ಮೆಣಸಿನಕಾಯಿ ಚೀಲ ಇಡುವ ಆ ಸ್ಟೋರೇಜಿನ ಉಸ್ತುವಾರಿ ಇಸಾಕಸಾಬರದು. ಒಳಗಿನ ಕೋಣೆಗಳಲ್ಲಿ ಐದಾರು ಡಿಗ್ರಿಯ ಕೊರೆಯುವ ಚಳಿ. ಅವುಗಳ ಮುಂದೆ, ಚೀಲಗಳನ್ನು ಇಳಿಸಿ ತೂಗುವ ಒಂದು ಹೊರಕೋಣೆ ಇದೆ. ಬಾಗಿಲ ಸಂದಿಯಿಂದ ಸೋರುವ ಗಾಳಿಗೆ ಅಲ್ಲಿ ಹದವಾದ ತಂಪು. ಶೈಲಾ ಥರ್ಮಾಮೀಟರ್ ಹಿಡಿದು ಮೂಲೆ ಮೂಲೆ ತಿರುಗಿ, ಒಂದು ಕಪಾಟಿನ ಹತ್ತಿರ ಹದಿನೆಂಟು ಸಿಕ್ಕಿದ್ದೇ ತಡ ಅಲ್ಲೇ ಡೇರೆ ಹಾಕಿದಳು.

‘ಮೆಣಸಿನಕಾಯಿ ಇಡೋ ಜಾಗದಾಗ ನೊಣಾ ಇಡ್ತೀನಂತೀರಲ್ರೀ ಅಕ್ಕಾರ. ಮಂದಿ ನನ್ನ ಏನಂತಾರ?’ ಎಂದರು ಇಸಾಕಸಾಬರು.

‘ಬಾಯಿಗೆ ಹತ್ತಿ ಬಿಗಿದೇನಿ ಚಾಚಾ. ಒಂದೂ ಹೊರಗ ಬರೂದಿಲ್ಲ.’

ಅವರ ಮಗಳು ಕಾಲೇಜಿನಲ್ಲಿ ಇವಳ ವಿದ್ಯಾರ್ಥಿನಿ. ಇಲ್ಲ ಎನ್ನಲಾಗದೆ ಒಪ್ಪಿದರು. ಆಮೇಲೆ ಎಷ್ಟು ಪಶ್ಚಾತ್ತಾಪಪಟ್ಟರೋ ಅವರಿಗೇ ಗೊತ್ತು. ಯಾಕೆಂದರೆ ಶೈಲಾ ರಾಣೆಬೆನ್ನೂರಿನಿಂದ ಹೊತ್ತು ಹೊತ್ತಿಗೆ ಫೋನ್ ಮಾಡತೊಡಗಿದಳು. ಥರ್ಮಾಮೀಟರ್ ಎಷ್ಟು ತೋರಿಸುತ್ತಿದೆ, ಬಾಗಿಲು ಯಾರಾದರೂ ತೆರೆದಿಟ್ಟರೇ, ಕಸ ಹೊಡೆಯುವಾಗ ಧೂಳು ಬಿತ್ತೇ. ಸಂಜೆಯಾದರೆ ನನಗೆ ಫೋನ್ ಮಾಡಿ, ಇಸಾಕಸಾಬರು ಹೇಳಿದ್ದು ಖರೆಯೇ ಎಂದು ಹೋಗಿ ನೋಡಿ ಬಾ ಎನ್ನುತ್ತಿದ್ದಳು. ಸಂತೆ ದಿನದ ಗದ್ದಲದಲ್ಲಿ ನಾನು ಗಿರಾಕಿಗಳನ್ನು ಬಿಟ್ಟು ನೊಣಗಳ ಯೋಗಕ್ಷೇಮ ವಿಚಾರಿಸಲು ಹೋಗಬೇಕು. ಹೋಗುತ್ತಿದ್ದೆ, ಬೈಯುತ್ತಲೇ ಹೋಗುತ್ತಿದ್ದೆ.

ಅಷ್ಟರಲ್ಲಿ ಚುನಾವಣೆ ಬಂತು. ಶೈಲಾಳಿಗೆ ಗುತ್ತಲದ ಮತಗಟ್ಟೆಯಲ್ಲಿ ಡ್ಯೂಟಿ. ತಪ್ಪಿಸಿಕೊಳ್ಳಲು ಕಂಡಕಂಡವರ ಕಾಲು ಹಿಡಿದಳು, ಆಗಲಿಲ್ಲ. ಮುನ್ನಾದಿನ ಹಾವೇರಿಯಲ್ಲಿ ಹಾಜರಿ ಹಾಕಿ, ಮತಯಂತ್ರ ತೆಗೆದುಕೊಂಡು, ಸರಕಾರದ ಬಸ್ಸಿನಲ್ಲಿ ಗುತ್ತಲಕ್ಕೆ ಹೋಗಬೇಕು. ಮತದಾನ ಮುಗಿದು ಯಂತ್ರ ಒಪ್ಪಿಸುವ ತನಕ ಅಲ್ಲಾಡುವ ಹಾಗಿಲ್ಲ. ಹಾವೇರಿಯಲ್ಲಿ ಹೆಸರು ಕೂಗುವುದಕ್ಕೆ ಕಾಯುತ್ತ ನಿಂತಾಗ ಅವಳಿಗೆ ತಡೆಯಲಾಗಲಿಲ್ಲ. ಎದುರಿನ ಎಸ್.ಟಿ.ಡಿ. ಬೂತಿಗೆ ಓಡಿ ಸ್ಟೋರೇಜಿಗೆ ಫೋನ್ ಹಚ್ಚಿದಳು. ಇಸಾಕಸಾಬರು ವೋಟು ಹಾಕಲು ತಮ್ಮ ಊರು ಹಲಗೇರಿಗೆ ಹೊರಟು ಹೋಗಿದ್ದರು. ಫೋನ್ ಎತ್ತಿದವನು ಹಮಾಲರ ಮೇಸ್ತ್ರಿ ದುರುಗೇಶ.

‘ಬಾಟಲಿ ತಂಪಿನ್ಯಾಗ ಅದಾವಿಲ್ಲೋ?’ ಎಂದು ಕೇಳಿದಳು.

‘ಇಲ್ರೀ ಬಾಯಾರ, ಹೊರಗ ಅದಾವ್ರೀ.’

‘ಹೊರಗಂದ್ರ? ಹೊರಗ ಒಂದು ಗಳಿಗಿ ಸೈತ ಇಡಬ್ಯಾಡಪಾ. ತಂಪಿನ್ಯಾಗ ಇರಬೇಕು ನೋಡು, ನೀ ಹೋಗಿ ಈಗ ಇಡು.’ ಅಷ್ಟರಲ್ಲಿ ಬಸ್ಸಿನ ಹಾರನ್ ಆಯಿತು. ಫೋನ್ ಇಟ್ಟು ಓಡಿದಳು.

ನಮ್ಮ ಹಮಾಲರ ಬಾಯಲ್ಲಿ ತಂಪು ಎಂದರೆ ನೆರಳಲ್ಲ, ತಣ್ಣನೆಯ ಗಾಳಿಯಲ್ಲ. ‘ಐವತ್ತು ಚೀಲ ತಂಪಿಗೆ ಹೋದವು’ ಎಂದರೆ ಒಳಗಿನ ಚಳಿಕೋಣೆಗೆ ಹೋದವು ಎಂದು ಅರ್ಥ. ಹೊರಕೋಣೆ ಅವರ ಲೆಕ್ಕದಲ್ಲಿ ಬರೀ ಹೊರಗು. ಶೈಲಾ ಬ್ಯಾಡಗಿಯಲ್ಲೇ ಹುಟ್ಟಿದವಳು, ಆದರೆ ಆ ಹೊತ್ತಿಗೆ ಅವಳ ತಲೆಯಲ್ಲಿದ್ದದ್ದು ಪುಸ್ತಕದ ತಂಪು, ಹದಿನೆಂಟು ಡಿಗ್ರಿಯದು. ದುರುಗೇಶ ಹೇಳಿದ್ದನ್ನು ಹೇಳಿದಂತೆ ಮಾಡಿದ. ಬಾಟಲಿಗಳನ್ನು ಜೋಪಾನವಾಗಿ ಎತ್ತಿಕೊಂಡು ಹೋಗಿ ಒಳಗಿನ ಚೀಲಗಳ ನಡುವೆ ಇಟ್ಟು, ಬಾಗಿಲು ಭದ್ರವಾಗಿ ಹಾಕಿ ಬಂದ. ನಾನು ಆಮೇಲೆ ಅವನಿಗೆ ಬೈದದ್ದುಂಟು. ಆದರೆ ಬೈಯುವಾಗಲೇ ತಿಳಿಯುತ್ತಿತ್ತು, ಇವಳು ಆ ಒಂದು ಫೋನ್ ಮಾಡದೆ ಸುಮ್ಮನಿದ್ದಿದ್ದರೆ ಏನೂ ಆಗುತ್ತಿರಲಿಲ್ಲ. ಸುಮ್ಮನಿರುವುದು ಅವಳ ಹಣೆಯಲ್ಲಿ ಬರೆದಿರಲಿಲ್ಲ.

ಮತದಾನದ ಮರುದಿನ ಬೆಳಿಗ್ಗೆ ನಾನು ಚೀಲ ತೆಗೆಸಲು ಸ್ಟೋರೇಜಿನಲ್ಲಿದ್ದೆ. ಶೈಲಾ ಹಾವೇರಿಯಿಂದ ನೇರ ಬಂದಳು. ನಿದ್ದೆಗೆಟ್ಟ ಕಣ್ಣು, ಬೆರಳಿಗೆಲ್ಲ ಶಾಯಿ. ಕಪಾಟು ಖಾಲಿ. ಇಸಾಕಸಾಬರು ದುರುಗೇಶನನ್ನು ಕರೆದರು. ಅವನು ಹೆಮ್ಮೆಯಿಂದಲೇ ‘ಬಾಯಾರು ಹೇಳಿದಂಗ ತಂಪಿಗೆ ಇಟ್ಟೇನ್ರೀ’ ಎಂದು ಒಳಗೆ ಹೋಗಿ ಬಾಟಲಿಗಳನ್ನು ತಂದ. ಗಾಜಿನ ಮೇಲೆ ಮಂಜು ಕಟ್ಟಿತ್ತು. ಶೈಲಾ ಸೆರಗಿನಿಂದ ಒರೆಸಿ ನೋಡಿದಳು. ನೊಣಗಳೆಲ್ಲ ಸಜ್ಜಕದ ಮೇಲೆ ಕಾಲು ಮೇಲೆ ಮಾಡಿ ಬಿದ್ದಿದ್ದವು.

ಕೂಗಾಡುತ್ತಾಳೆ ಎಂದುಕೊಂಡೆ. ಕೂಗಾಡಲಿಲ್ಲ. ತೂಕದ ಕಟ್ಟೆಯ ಮೇಲೆ ಕುಳಿತುಬಿಟ್ಟಳು. ಬಾಟಲಿಯನ್ನು ಎರಡು ಅಂಗೈಗಳ ನಡುವೆ ಹಿಡಿದುಕೊಂಡು ಬಹಳ ಹೊತ್ತು ಕುಳಿತೇ ಇದ್ದಳು. ಎದ್ದು ಒಂದು ಸುತ್ತು ಹಾಕಲಿ, ನನಗಾದರೂ ಬೈಯಲಿ ಎನಿಸಿತು.

‘ಸತ್ತಾವೇನ?’ ಎಂದೆ.

‘ಗೊತ್ತಿಲ್ಲ. ಚಳಿಗೆ ಮರಗಟ್ಟಿದ್ದರ ಏಳ್ತಾವ. ಸತ್ತಿದ್ದರ ಮುಗೀತು.’

ಒಂದು ಬಿಳಿ ಹಾಳೆಯ ಮೇಲೆ ಎಲ್ಲವನ್ನೂ ಸುರಿದು, ಮೇಲೆ ಗಾಜಿನ ಬಟ್ಟಲು ಕವುಚಿದಳು. ನಾವು ಮೂವರು ಗಂಡಸರು, ಮೆಣಸಿನಕಾಯಿ ಘಾಟಿಗೆ ಸೀನುತ್ತ, ಸತ್ತ ನೊಣಗಳ ಸುತ್ತ ನಿಂತೆವು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಒಂದರ ಕಾಲು ನಡುಗಿತು. ‘ಅಲ್ನೋಡ್ರೀ’ ಎಂದ ದುರುಗೇಶ. ಇನ್ನೊಂದರ ಕಾಲು ನಡುಗಿತು. ಎದ್ದು ನಿಂತವು ಕಡೆಗೆ ಐದು, ನಾಲ್ಕು ಹೆಣ್ಣು, ಒಂದು ಗಂಡು. ಉಳಿದವು ಏಳಲಿಲ್ಲ. ಸಜ್ಜಕದೊಳಗಿದ್ದ ಮರಿಗಳೂ ಕಂದಿ ಸತ್ತಿದ್ದವು.

ಆ ಗಂಡಿನ ಒಂದು ರೆಕ್ಕೆ ಹರಿದಿತ್ತು. ಅದನ್ನು ಕಂಡು ಶೈಲಾಳ ಮುಖ ಮತ್ತಷ್ಟು ಇಳಿಯಿತು. ಈ ಜಾತಿಯ ಗಂಡು ಹೆಣ್ಣಿನ ಮುಂದೆ ನಿಂತು ರೆಕ್ಕೆ ಅಲುಗಿಸಿ ಹಾಡುತ್ತದಂತೆ. ಹಾಡು ಹಿಡಿಸದಿದ್ದರೆ ಹೆಣ್ಣು ಹತ್ತಿರ ಸೇರಿಸುವುದಿಲ್ಲವಂತೆ.

‘ಇನ್ನೊಂದು ರೆಕ್ಕಿ ನೆಟ್ಟಗ ಐತಲ್ಲ. ಒಂದರಾಗ ಹಾಡಾಕ ಬರೂದಿಲ್ಲೇನು?’ ಎಂದೆ.

‘ಬರ್ತೈತಿ ಅನ್ನಬೇಕಣ್ಣಾ. ಇವು ಮೊಟ್ಟಿ ಇಡಲಿಲ್ಲಂದ್ರ, ಇಟ್ಟ ಮೊಟ್ಟಿ ಒಡೀಲಿಲ್ಲಂದ್ರ, ನಂದು ಇಲ್ಲಿಗೆ ಮುಗೀತು. ಮತ್ತ ಮೊದಲಿಂದ ಮಾಡೋ ತಾಕತ್ತು ನನಗಿಲ್ಲ.’

ಅವಳ ಬಾಯಲ್ಲಿ ಅಂಥ ಮಾತನ್ನು ನಾನು ಕೇಳಿರಲಿಲ್ಲ. ಐದನ್ನೂ ಹೊಸ ಬಾಟಲಿಗೆ ಬಿಟ್ಟು, ಕಪಾಟಿನಲ್ಲಿಟ್ಟು, ದುರುಗೇಶನಿಗೆ ಕೈ ಮುಟ್ಟಿಸಿ ಜಾಗ ತೋರಿಸಿದಳು. ರಾಣೆಬೆನ್ನೂರಿನಲ್ಲಿ ಪರೀಕ್ಷೆಯ ಕೆಲಸ ಕಾದಿತ್ತು, ಹೋಗಲೇಬೇಕು. ಬಾಟಲಿಯನ್ನು ದಿನಾ ನೋಡುವ ಕೆಲಸ ನನ್ನ ಮೇಲೆ ಬಿತ್ತು. ಸಜ್ಜಕದ ಮೇಲೆ ಉಗುರಿನಿಂದ ಗೀರಿದಂಥ ಗೆರೆಗಳು ಕಂಡರೆ ಒಳಗೆ ಮರಿ ಓಡಾಡುತ್ತಿವೆ ಎಂದು ತಿಳಿಯಬೇಕು ಎಂದಳು. ‘ಹೊತ್ತಿಗೊಮ್ಮೆ ಫೋನ್ ಮಾಡಿ ತಲಿ ತಿನ್ನಬ್ಯಾಡ. ಕಂಡಕೂಡಲೆ ನಾನ ಮಾಡ್ತೇನಿ’ ಎಂದು ಗದರಿಸಿದೆ. ಹೂಂ ಎಂದು ತಲೆಯಾಡಿಸಿ ಹೋದಳು.

ಮತ್ತೆ ಫೋನ್ ಬರಲಿಲ್ಲ. ಮೊದಲ ದಿನ ಹಾಯೆನಿಸಿತು. ಎರಡನೆಯ ದಿನ ಅಂಗಡಿಯ ಫೋನ್ ಸರಿಯಿದೆಯೇ ಎಂದು ಎತ್ತಿ ನೋಡಿದೆ. ಶೈಲಾ ಫೋನ್ ಮಾಡುತ್ತಿಲ್ಲ ಎಂದರೆ ಶೈಲಾ ಆಸೆ ಬಿಟ್ಟಳು ಎಂದೇ ಅರ್ಥ. ಅವ್ವ ಎರಡು ಹೊತ್ತು ಕೇಳುತ್ತಿದ್ದಳು, ‘ಹುಡುಗಿ ಏನಾರ ಅಂದಳೇನ?’ ನನಗೆ ಗಾದಿಯ ಮೇಲೆ ಕೂರಲಾಗದು. ಬೆಳಿಗ್ಗೆ ಒಮ್ಮೆ ನೋಡಿಬಂದರೆ ಸಾಕಾಗಿತ್ತು, ಆದರೆ ಮಧ್ಯಾಹ್ನವೂ ಹೋದೆ, ಅಂಗಡಿ ಮುಚ್ಚುವ ಮುಂಚೆಯೂ ಹೋದೆ. ಭೂತಗನ್ನಡಿ ಕೊಂಡು ಜೇಬಿನಲ್ಲಿಟ್ಟುಕೊಂಡೆ. ಆ ಗಂಡು ಹೆಣ್ಣುಗಳ ಹಿಂದೆ ಹಿಂದೆ ಅಲೆಯುವುದು ಕಂಡಿತು, ನೆಟ್ಟಗಿದ್ದ ರೆಕ್ಕೆ ಎತ್ತುವುದೂ ಕಂಡಿತು. ಅದರ ಹಾಡು ನನಗೆಲ್ಲಿ ಕೇಳಬೇಕು. ಸಜ್ಜಕ ಮಾತ್ರ ಕನ್ನಡಿಯಂತೆ ನುಣ್ಣಗೆ ಇತ್ತು. ಒಂದು ಮಧ್ಯಾಹ್ನ ಇಸಾಕಸಾಬರು ನನ್ನನ್ನು ನೋಡಿ ‘ಸಾವಕಾರ್ರ, ನಿಮಗೂ ಹತ್ತೇತಿ ನೋಡ್ರಿ’ ಎಂದರು. ಅವರ ಮೇಲೆ ಸಿಡುಕಿ ಬಂದೆ.

ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಗಾಜಿಗೆ ಹತ್ತಿದ ಸಜ್ಜಕದಲ್ಲಿ ಒಂದು ಸಣ್ಣ ಸುರಂಗ ಕಂಡಿತು. ಕಣ್ಣಿನ ಪೊರೆಯೋ ಏನೋ ಎಂದು ಅಂಗಿಯ ತುದಿಯಿಂದ ಭೂತಗನ್ನಡಿ ಒರೆಸಿದೆ. ಸುರಂಗದ ತುದಿಯಲ್ಲಿ ದಾರದ ತುಂಡಿನಂಥ ಬಿಳಿಯ ಜೀವ, ಮೂತಿಯಲ್ಲಿ ಕಪ್ಪು ಚುಕ್ಕೆ, ತಲೆಯನ್ನು ಅತ್ತಿತ್ತ ಆಡಿಸುತ್ತ ಸಜ್ಜಕವನ್ನು ಕೆರೆದು ಕೆರೆದು ತಿನ್ನುತ್ತಿತ್ತು. ಪಕ್ಕದಲ್ಲಿ ಇನ್ನೊಂದು. ಅದರ ಕೆಳಗೆ ಮೂರೋ ನಾಲ್ಕೋ.

ಆಫೀಸಿಗೆ ಓಡಿದೆ. ಅಲ್ಲಿ ತಮ್ಮ ಮಾಲು ತೆಗೆಸಲು ಬಂದ ಏಳೆಂಟು ವ್ಯಾಪಾರಸ್ಥರು ಚಹಾ ಕುಡಿಯುತ್ತ ಕುಳಿತಿದ್ದರು. ಕಾಲೇಜಿಗೆ ಫೋನ್ ಹಚ್ಚಿ ಮೇಡಂ ಅವರನ್ನು ಕರೆಯಿರಿ ಎಂದೆ. ಜವಾನ ಹೋಗಿ ಕರೆತರುವ ತನಕ ಫೋನಿನ ವೈರು ಎಟಕುವಷ್ಟು ದೂರ ಅಡ್ಡಾಡಿದೆ. ಅವಳು ಬಂದು ಮೆಲ್ಲಗೆ ‘ಹೇಳಣ್ಣಾ’ ಎಂದಳು. ಕೆಟ್ಟ ಸುದ್ದಿ ಕೇಳಲು ತಯಾರಾಗಿ ನಿಂತವರ ದನಿ. ಲ್ಯಾಬು, ತಳಿ, ಮರಿ ಎಂಬ ಅವಳ ಮಾತುಗಳೊಂದೂ ನನ್ನ ಬಾಯಿಗೆ ಬರಲಿಲ್ಲ. ಹುಟ್ಟಿದಾರಭ್ಯ ಬಲ್ಲ ಮಾತು ಬಂತು.

‘ಶೈಲಾ, ಹುಳ ಬಿದ್ದಾವ’ ಎಂದು ಕೂಗಿದೆ.

ಮೆಣಸಿನಕಾಯಿ ಪೇಟೆಯಲ್ಲಿ ಇದಕ್ಕಿಂತ ಕೆಟ್ಟ ಮಾತಿಲ್ಲ. ಹುಳ ಬಿದ್ದ ಮಾಲಿನ ಹತ್ತಿರ ಯಾರೂ ಸುಳಿಯುವುದಿಲ್ಲ, ಪಕ್ಕದ ಚೀಲದವನಿಗೂ ನಿದ್ದೆ ಇಲ್ಲ. ಅದೂ ಕೋಲ್ಡ್ ಸ್ಟೋರೇಜಿನ ಆಫೀಸಿನಲ್ಲಿ ನಿಂತು, ಒಬ್ಬ ದಲಾಲಿ ಕೂಗಿ ಹೇಳಿದ್ದಾನೆ. ಚಹಾದ ಕಪ್ಪು ಅಲ್ಲಲ್ಲೇ ಇಟ್ಟು ಎಲ್ಲರೂ ಎದ್ದರು. ಇಸಾಕಸಾಬರು ತಲೆಯ ಮೇಲೆ ಕೈ ಇಟ್ಟುಕೊಂಡು ಬಾಗಿಲಿಗೆ ಬಂದರು.

‘ಖರೇ?’ ಎಂದಳು ಶೈಲಾ.

‘ಖರೇ ಅಂದ್ರ ಖರೇ. ಬಾಳ ಅದಾವ. ಹರದಾಡಾಕತ್ತಾವ.’

ಆ ಕಡೆಯಿಂದ ಅಳು ಕೇಳಿಸಿತು. ಅಪ್ಪ ಹೋದಾಗ ಮನೆ ತುಂಬ ಓಡಾಡಿ ಬಂದವರಿಗೆಲ್ಲ ನೀರು ಕೊಟ್ಟ ಹುಡುಗಿ, ಕಾಲೇಜಿನ ಆಫೀಸಿನಲ್ಲಿ ಜವಾನನ ಮುಂದೆ ನಿಂತು ಗಳಗಳನೆ ಅಳುತ್ತಿದ್ದಳು. ಅಷ್ಟರಲ್ಲಿ ಒಬ್ಬ ವಯಸ್ಸಾದ ವ್ಯಾಪಾರಿ ನನ್ನ ಭುಜ ಹಿಡಿದು ಜಗ್ಗಿದ.

‘ಸಾವಕಾರ್ರ, ಯಾರ ಮಾಲಿನ್ಯಾಗ ಬಿದ್ದಾವ್ರೀ ಹುಳ?’

‘ನಮ್ಮವು,’ ಎಂದೆ. ‘ನಮ್ಮ ಮನೀ ಹುಳ ಅವು.’

ಅವನು ನನ್ನ ಮುಖವನ್ನೇ ನೋಡುತ್ತ ಭುಜದ ಮೇಲಿನ ಕೈ ತೆಗೆದ. ಫೋನಿನಲ್ಲಿ ಶೈಲಾ ಇನ್ನೂ ಅಳುತ್ತಿದ್ದಳು. ಇಟ್ಟುಬಿಡಲು ನನಗೆ ಮನಸ್ಸಾಗಲಿಲ್ಲ.